ಕಿರಾಣಿ ಅಂಗಡಿ ಯಾವುದು? ಕಾರ್ಡಿನ ಲೆಕ್ಕ ಮತ್ತು ಮನೆಯ ಲೆಕ್ಕ

ಗೃಹಸ್ಥರ ಬಾಳಿನಲ್ಲಿ ತಿಂಗಳ ಮೊದಲ ವಾರವೆಂದರೆ ಕಿರಾಣಿ ಚೀಟಿಯ ವಾರ. ತೊಗರಿಬೇಳೆ, ಬೆಲ್ಲ, ಶೇಂಗಾ ಎಣ್ಣೆ, ಚಹಾಪುಡಿ, ಸಾಬೂನು ಎಂದು ಮನೆಯ ತಾಯಿ ಹೇಳುತ್ತ ಹೋಗುತ್ತಾಳೆ, ಮಕ್ಕಳು ಬರೆಯುತ್ತಾರೆ, ಯಜಮಾನ ಚೀಲ ಹಿಡಿದು ಹೊರಡುತ್ತಾನೆ. ತಲೆಮಾರುಗಳಿಂದ ನಡೆದುಬಂದ ಈ ಪದ್ಧತಿಯೊಳಗೆ ಈಗ ಕ್ರೆಡಿಟ್ ಕಾರ್ಡು ಬಂದು ಕುಳಿತಿದೆ. ‘ಕಿರಾಣಿ ಕೊಂಡರೆ ಇಷ್ಟು ಅಂಕ, ಇಷ್ಟು ಹಣ ವಾಪಸು’ ಎಂಬ ಆಶ್ವಾಸನೆಯೂ ಅದರ ಬೆನ್ನಿಗೇ ಬಂದಿದೆ. ಆದರೆ ಕಿರಾಣಿ ಅಂಗಡಿ ಎಂದರೆ ಯಾವುದು? ಈ ಸರಳ ಪ್ರಶ್ನೆಗೆ ನಮ್ಮ ಉತ್ತರ ಬೇರೆ, ಬ್ಯಾಂಕಿನ ಉತ್ತರ ಬೇರೆ.

ಆಳಂದ ತಾಲೂಕಿನ ನಿಂಬರ್ಗಾ ಹೋಬಳಿಯ ಹಿರಿಯರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದಿದ್ದರು. ಅವರ ಮೊಮ್ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಅಜ್ಜನ ಹೆಸರಿನಲ್ಲಿ ರುಪೇ ಕ್ರೆಡಿಟ್ ಕಾರ್ಡು ಮಾಡಿಸಿ, ಅದನ್ನು ಫೋನಿನ ಯುಪಿಐಗೆ ಜೋಡಿಸಿ, “ಮುತ್ಯಾ, ಇನ್ನ ಮ್ಯಾಲೆ ಕಿರಾಣಿ ರೊಕ್ಕ ಇದರಾಗೇ ಕೊಡು” ಎಂದು ಹೇಳಿಹೋಗಿದ್ದನಂತೆ. ಹಿರಿಯರು ಊರ ಅಂಗಡಿಯಲ್ಲಿ 1,840 ರೂಪಾಯಿಯ ಸಾಮಾನು ಕೊಂಡರು. ತಿಂಗಳ ಕೊನೆಗೆ ನೋಡಿದರೆ ಒಂದು ಅಂಕವೂ ಬಂದಿಲ್ಲ. “ಗುರುಗಳೆ, ಬ್ಯಾಳಿ ಕೊಂಡೀನಿ, ಬೆಲ್ಲ ಕೊಂಡೀನಿ, ಇದು ಕಿರಾಣಿ ಅಲ್ಲೇನ್ರಿ?” ಎಂದು ಅವರು ಕೇಳಿದಾಗ ನಮಗೂ ಕುತೂಹಲ ಹುಟ್ಟಿತು.

ವಿಚಾರಿಸಲಾಗಿ ಸಂಗತಿ ಹೊರಬಿತ್ತು. ಆ ವ್ಯಾಪಾರಿ ಮೊದಲು ಬೀಜ–ಗೊಬ್ಬರದ ಅಂಗಡಿ ಇಟ್ಟವರು. ಬ್ಯಾಂಕಿನಲ್ಲಿ ಅವರ ವ್ಯವಹಾರ ಆ ಹೆಸರಿನಲ್ಲಿಯೇ ದಾಖಲಾಗಿತ್ತು. ಪಕ್ಕದ ಕೋಣೆಯಲ್ಲಿ ಕಿರಾಣಿ ಆರಂಭಿಸಿದಾಗ ಅದೇ ಕ್ಯೂಆರ್ ಫಲಕವನ್ನು ಅಲ್ಲಿಯೂ ಅಂಟಿಸಿದ್ದರು. ಹಿರಿಯರು ಕೊಂಡದ್ದು ಬೇಳೆ; ಬ್ಯಾಂಕಿನ ದಫ್ತರದಲ್ಲಿ ಬಿದ್ದದ್ದು ಗೊಬ್ಬರ!

ನಾಲ್ಕು ಅಂಕಿಯ ಸಂಕೇತ

ಇದರ ಗುಟ್ಟು ಹೀಗಿದೆ. ಕಾರ್ಡಿನ ಹಣ ಸ್ವೀಕರಿಸುವ ಪ್ರತಿಯೊಬ್ಬ ವ್ಯಾಪಾರಿಗೂ ನಾಲ್ಕು ಅಂಕಿಯ ವರ್ಗಸಂಕೇತವೊಂದು ಇರುತ್ತದೆ. ಅದನ್ನು ಕೊಡುವುದು ನಮ್ಮ ಕಾರ್ಡಿನ ಬ್ಯಾಂಕಲ್ಲ. ವ್ಯಾಪಾರಿಗೆ ಯಂತ್ರವನ್ನೋ ಕ್ಯೂಆರ್ ಫಲಕವನ್ನೋ ಒದಗಿಸಿದ ಬ್ಯಾಂಕು ಅಥವಾ ಸಂಸ್ಥೆ. ಕಿರಾಣಿ ಅಂಗಡಿ ಮತ್ತು ಸೂಪರ್ ಮಾರ್ಕೆಟ್ಟಿಗೆ 5411. ಹಾಲಿನ ಪದಾರ್ಥಗಳ ಅಂಗಡಿಗೆ 5451, ಬೇಕರಿಗೆ 5462, ಇತರ ಆಹಾರ ಪದಾರ್ಥಗಳ ಅಂಗಡಿಗೆ 5499. ಬಟ್ಟೆ, ಪಾತ್ರೆ, ಬೇಳೆ ಎಲ್ಲವೂ ಒಂದೇ ಸೂರಿನಡಿ ದೊರೆಯುವ ದೊಡ್ಡ ಮಳಿಗೆ 5311 ಎಂದು ದಾಖಲಾಗಿದ್ದರೆ ಅಲ್ಲಿ ಕೊಂಡ ಬೇಳೆಯೂ ಕಿರಾಣಿ ಎನಿಸುವುದಿಲ್ಲ. 5411 ಎಂದು ದಾಖಲಾದ ಮಳಿಗೆಯಲ್ಲಿ ಕೊಂಡ ಪ್ಲಾಸ್ಟಿಕ್ ಬಕೆಟ್ಟು ಕಿರಾಣಿ ಎನಿಸೀತು! ಚೀಲದೊಳಗೆ ಏನಿದೆ ಎಂಬುದನ್ನು ಬ್ಯಾಂಕು ಸಾಮಾನ್ಯವಾಗಿ ನೋಡುವುದಿಲ್ಲ. ಅಂಗಡಿಯ ಸಂಕೇತವನ್ನು ನೋಡುತ್ತದೆ.

ಇದು ನಮ್ಮ ನಾಡಿನ ತೊಡಕು ಮಾತ್ರವಲ್ಲ. ಅಮೇರಿಕೆಯಲ್ಲಿ ನೆಲೆಸಿದ ನಮ್ಮವರ ಮಕ್ಕಳೂ ಇದನ್ನು ಬಲ್ಲರು. ಅಲ್ಲಿ ಅಮೇರಿಕನ್ ಎಕ್ಸ್‌ಪ್ರೆಸ್ ಸಂಸ್ಥೆಯು ಸೂಪರ್ ಮಾರ್ಕೆಟ್ ಖರೀದಿಗೆ ಹೆಚ್ಚಿನ ಹಣ ಹಿಂದಿರುಗಿಸುವ ಕಾರ್ಡುಗಳನ್ನು ಕೊಡುತ್ತದೆ. ಆದರೆ ಎಲ್ಲ ಬಗೆಯ ಸರಕನ್ನೂ ಮಾರುವ ಬೃಹತ್ ಮಳಿಗೆಗಳನ್ನೂ ಸದಸ್ಯತ್ವದ ಸಗಟು ಮಳಿಗೆಗಳನ್ನೂ ಆ ಎಣಿಕೆಯಿಂದ ಹೊರಗಿಟ್ಟಿದೆ. ವಾಲ್‌ಮಾರ್ಟ್ ಮಳಿಗೆಯಲ್ಲಿ ಗಾಡಿ ತುಂಬ ಅಕ್ಕಿಬೇಳೆ ಕೊಂಡವರಿಗೂ ಈ ನಿಯಮದಿಂದ ಆ ಹೆಚ್ಚಿನ ಹಣ ಸಿಗುವುದಿಲ್ಲ.

ಅಂಕದ ಹಣ ಎಲ್ಲಿಂದ ಬರುತ್ತದೆ?

ಬ್ಯಾಂಕು ಕೊಡುವ ಅಂಕಗಳು ಆಕಾಶದಿಂದ ಉದುರುವುದಿಲ್ಲ. ಕಾರ್ಡಿನಿಂದ ಹಣ ಪಡೆದ ವ್ಯಾಪಾರಿ ಅದರ ಒಂದು ಚಿಕ್ಕ ಪಾಲನ್ನು ಶುಲ್ಕವಾಗಿ ತೆರುತ್ತಾನೆ. ಆ ಶುಲ್ಕದ ಒಂದಂಶವೇ ನಮಗೆ ಅಂಕವಾಗಿ ಮರಳುತ್ತದೆ. 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ವ್ಯವಸ್ಥೆ ಬಂದಾಗ, ಸಣ್ಣ ವ್ಯಾಪಾರಿಗೆ ಭಾರವಾಗದಿರಲೆಂದು 2,000 ರೂಪಾಯಿವರೆಗಿನ ವ್ಯವಹಾರಕ್ಕೆ ಅವನಿಂದ ಶುಲ್ಕ ಪಡೆಯದಂತೆ ಮಾಡಲಾಯಿತು. ಇದು ಯೋಗ್ಯವಾದ ಕ್ರಮವೇ. ಆದರೆ ಬ್ಯಾಂಕಿಗೆ ಆದಾಯವಿಲ್ಲದ ಕಡೆ ಅಂಕಗಳೂ ಬಡವಾಗುವುದು ಸಹಜ. ಹಳ್ಳಿಯ ಅಂಗಡಿಯ ಚಿಕ್ಕ ಖರೀದಿಗೆ ಅಂಕ ಸಿಗದಿರಲು ಇದೂ ಒಂದು ಕಾರಣವಾಗಬಹುದು. ಇನ್ನು ವ್ಯಾಪಾರಿಯ ಫಲಕವು ಅವನ ಖಾಸಗಿ ಖಾತೆಯದಾಗಿದ್ದರೆ ಕ್ರೆಡಿಟ್ ಕಾರ್ಡಿನ ಹಣ ಅಲ್ಲಿಗೆ ಸಲ್ಲುವುದೇ ಇಲ್ಲ.

ಆದ್ದರಿಂದ ಕಾರ್ಡುಳ್ಳ ವಾಚಕರು ಕೆಲವು ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕು. ಮೊದಲ ಸಲ ಚಿಕ್ಕ ಖರೀದಿ ಮಾಡಿ, ಅಂಕ ಬಂದಿತೇ ಎಂದು ತಿಂಗಳ ಪಟ್ಟಿಯಲ್ಲಿ ನೋಡಬೇಕು. ಕಿರಾಣಿ ಅಂಕಗಳಿಗೆ ಮಾಸಿಕ ಮಿತಿ ಇದೆಯೇ, ಯುಪಿಐ ಮೂಲಕ ಕೊಟ್ಟ ಹಣಕ್ಕೆ ಬೇರೆ ನಿಯಮವಿದೆಯೇ ಎಂಬುದನ್ನು ಬ್ಯಾಂಕಿನ ನಿಯಮಪತ್ರದಲ್ಲಿ ಓದಬೇಕು. ಕಾರ್ಡಿನಿಂದ ವ್ಯಾಲೆಟ್ಟಿಗೆ ಹಣ ತುಂಬಿ ಅಲ್ಲಿಂದ ಸಾಮಾನು ಕೊಂಡರೆ, ಬ್ಯಾಂಕಿಗೆ ಕಾಣುವುದು ವ್ಯಾಲೆಟ್ಟೇ ಹೊರತು ಕಿರಾಣಿಯಲ್ಲ.

ಎಂಬತ್ತು ರೂಪಾಯಿಯ ಮೋಹ

ಇವೆಲ್ಲಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. ತಿಂಗಳಿಗೆ 8,000 ರೂಪಾಯಿಯ ಕಿರಾಣಿ ಕೊಂಡು, ನೂರಕ್ಕೆ ಒಂದರಂತೆ ಅಂಕ ಬಂದರೆ ಲಾಭ 80 ರೂಪಾಯಿ. ಆ ಬಾಕಿಯನ್ನು ಗಡುವಿನೊಳಗೆ ತೀರಿಸದೆ, ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಬಡ್ಡಿ ಬಿದ್ದರೆ ಒಂದು ತಿಂಗಳಿಗೆ 280 ರೂಪಾಯಿ. ಅದರ ಮೇಲೆ ನೂರಕ್ಕೆ 18ರ ಜಿಎಸ್‌ಟಿ ಸೇರಿ 330 ರೂಪಾಯಿ ದಾಟುತ್ತದೆ. ತಡಮಾಡಿದ ದಂಡ ಬೇರೆ. ವರ್ಷಕ್ಕೆ ನೂರಕ್ಕೆ 30ಕ್ಕಿಂತ ಹೆಚ್ಚಿನ ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪಿತ್ತಿತ್ತು. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಆ ಮಿತಿಯ ಆಸರೆ ಈಗ ಗ್ರಾಹಕನಿಗಿಲ್ಲ. ಅವನ ಎಚ್ಚರವೇ ಅವನ ರಕ್ಷೆ.

1972ರ ಬರಗಾಲದ ದಿನಗಳು ನಮಗೆ ನೆನಪಿವೆ. ನಾವು ಆಗ ಮಠದಲ್ಲಿ ಓದುವ ಬಾಲಕರು. ಮನೆಮನೆಯಲ್ಲಿ ಜೋಳದ ಹಗೇವು ಬರಿದಾಗಿತ್ತು. ಆಗ ಊರ ಕಿರಾಣಿಯವರು ಉದ್ರಿ ವಹಿಯಲ್ಲಿ ಹೆಸರು ಬರೆದುಕೊಂಡು, ಸುಗ್ಗಿ ಬರುವವರೆಗೂ ಕಾಯ್ದರು. ಆ ವಹಿಗೆ ಸಂಕೇತಸಂಖ್ಯೆ ಇರಲಿಲ್ಲ. ಕೊಂಡವರ ಮುಖವನ್ನು ಅದು ಬಲ್ಲದಾಗಿತ್ತು.

ನಿಂಬರ್ಗಾದ ಹಿರಿಯರಿಗೆ ನಾವು ಇಷ್ಟನ್ನೇ ಹೇಳಿದೆವು: ಅಂಗಡಿಯವರಿಗೆ ಸಂಗತಿ ತಿಳಿಸಿರಿ, ಕಿರಾಣಿಗೆ ಬೇರೆ ಫಲಕ ಮಾಡಿಸಿಕೊಳ್ಳಲಿ. ಅಂಕ ಬಂದರೆ ಸಂತೋಷ. ಬಾರದಿದ್ದರೆ ಎಂಬತ್ತು ರೂಪಾಯಿಗಾಗಿ ಬಸ್ಸು ಹತ್ತಿ ಪಟ್ಟಣದ ಮಳಿಗೆಗೆ ಹೋಗಬೇಡಿರಿ. ಹೋದವರು ಎಂಬತ್ತು ಗಳಿಸಿ, ಬೇಡದ ಎಂಟುನೂರರ ಸಾಮಾನು ಹೊತ್ತು ತರುತ್ತಾರೆ. ಹಿರಿಯರು ನಕ್ಕು, “ಖರೇ ಅದ ಬಿಡ್ರಿ, ಬಸ್ ಚಾರ್ಜೇ ಅಷ್ಟಾಗ್ತದ” ಎಂದು ಚೀಲ ಹೆಗಲಿಗೇರಿಸಿ ಹೊರಟರು.