ಗಿಲಾವಿಲ್ಲದ ಗೋಡೆ

ಬೈಯಪ್ಪನಹಳ್ಳಿಯ ನಿಲ್ದಾಣದಿಂದ ಪಶ್ಚಿಮಾಭಿಮುಖವಾಗಿ ಹೊರಡುವ ಮೆಟ್ರೋ ರೈಲು ಎತ್ತರದ ಕಂಬಗಳ ಮೇಲೆ ಇಂದಿರಾನಗರ, ಹಲಸೂರುಗಳ ಕಡೆಗೆ ಸಾಗುತ್ತದೆ. 2011ರ ಅಕ್ಟೋಬರ್ 20ರಂದು ಬೆಂಗಳೂರಿನ ಮೊಟ್ಟಮೊದಲ ಮೆಟ್ರೋ ಗಾಡಿ ಓಡಿದ್ದು ಈ ಹಾದಿಯಲ್ಲಿಯೇ. ಕಿಟಕಿಯ ಬದಿಯಲ್ಲಿ ಕುಳಿತವರಿಗೆ ಬೀದಿಯಿಂದ ಕಾಣದ ಊರಿನ ಇನ್ನೊಂದು ಮುಖ ಕಾಣುತ್ತದೆ: ತಾರಸಿಗಳು, ನೀರಿನ ತೊಟ್ಟಿಗಳು, ಒಣಗಲು ಹರವಿದ ಬಟ್ಟೆಗಳು, ಬಗೆಬಗೆಯ ಬಣ್ಣ ಬಳಿದ ಗೋಡೆಗಳು. ಇವುಗಳ ನಡುವೆ ಗಿಲಾವನ್ನಾಗಲಿ ಸುಣ್ಣಬಣ್ಣವನ್ನಾಗಲಿ ಕಾಣದ, ಕೆಮ್ಮಣ್ಣಿನ ಮೈಯ ಮನೆಯೊಂದು ಕಣ್ಣಿಗೆ ಬಿದ್ದರೆ ನಮ್ಮಲ್ಲಿ ಬಹುಮಂದಿಗೆ ತೋರುವುದು ಒಂದೇ ಮಾತು: "ಪಾಪ, ಕೈಯಲ್ಲಿದ್ದ ಹಣ ಮುಗಿಯಿತೇನೋ!"

ಆದರೆ ಆ ಮನೆ ಅರೆಕಟ್ಟಿದ ಮನೆಯಾಗಿರಬೇಕಾಗಿಲ್ಲ. ಬೇಕೆಂದೇ ಹಾಗೆ ಕಟ್ಟಿದ್ದಿರಬಹುದು. ಬೇಡವಾದುದನ್ನೆಲ್ಲ ಬಿಟ್ಟು, ಬೇಕಾದುದನ್ನು ಮಾತ್ರ ಉಳಿಸಿಕೊಂಡ ಇಂಥ ನಿರಾಡಂಬರದ ಮನೆಯನ್ನು ಕಟ್ಟುವುದು ಸುಲಭವೆಂದು ತೋರುತ್ತದೆ. ವಾಸ್ತವವಾಗಿ ಅದು ಆಡಂಬರದ ಮನೆಗಿಂತ ಕಠಿಣ. ಏಕೆಂದು ನೋಡೋಣ.

ಬೈಯಪ್ಪನಹಳ್ಳಿಯ ಆಸುಪಾಸಿನಲ್ಲಿ ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನವೊಂದನ್ನು ಊಹಿಸಿಕೊಳ್ಳಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ: ಇಷ್ಟು ಮಂದಿಯ ಸಂಸಾರ. ಜೀವಮಾನದ ಉಳಿತಾಯಕ್ಕೆ ಸಾಲವನ್ನೂ ಸೇರಿಸಿ ಒಂದೇ ಒಂದು ಸಲ ಕಟ್ಟುವ ಮನೆ. ತಪ್ಪಾದರೆ ಅಳಿಸಿ ಬರೆಯಲು ಬಾರದು. ಹೀಗಿರುವಾಗ ವಾಸ್ತುಶಿಲ್ಪಿಯು ಮೊದಲು ಕೈಯಿಕ್ಕಬೇಕಾದುದು ಅಲಂಕಾರಕ್ಕಲ್ಲ, ಸೂರ್ಯನ ಲೆಕ್ಕಕ್ಕೆ.

ಬೆಂಗಳೂರು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಗಳ ಅಕ್ಷಾಂಶದಲ್ಲಿದೆ. ಆದ್ದರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ನೆಟ್ಟ ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಡಿಸೆಂಬರ್ 21ರ ನಡುಹಗಲಿನಲ್ಲಾದರೆ ಸೂರ್ಯ ದಕ್ಷಿಣಕ್ಕೆ ವಾಲಿ ಕೇವಲ 53½ ಡಿಗ್ರಿಗಳ ಎತ್ತರದಲ್ಲಿರುತ್ತಾನೆ. ಜೂನ್ 21ರಂದು ಉತ್ತರಕ್ಕೆ ವಾಲುತ್ತಾನೆ, ಆದರೆ ಆಗ ಅವನ ಎತ್ತರ 79½ ಡಿಗ್ರಿ. ಈ ಮೂರು ಅಂಕಿಗಳಿಂದ ಎಷ್ಟು ಪ್ರಯೋಜನ ನೋಡಿ! ನಾಲ್ಕು ಅಡಿ ಎತ್ತರದ ದಕ್ಷಿಣದ ಕಿಟಕಿಗೆ ಡಿಸೆಂಬರಿನ ನಡುಹಗಲಿನಲ್ಲಿಯೂ ಪೂರ್ಣ ನೆರಳು ಬೇಕಾದರೆ ಅದರ ನೆತ್ತಿಯ ಮೇಲಿನ ಸಜ್ಜಾ ಮೂರು ಅಡಿ ಚಾಚಬೇಕು. ಅದೇ ಅಳತೆಯ ಉತ್ತರದ ಕಿಟಕಿಗೆ ಜೂನಿನಲ್ಲಿ ಒಂಬತ್ತು ಅಂಗುಲ ಸಾಕು. ನಾಲ್ಕು ಗೋಡೆಗಳಿಗೂ ಒಂದೇ ಅಳತೆಯ ಸಜ್ಜಾ ಹಾಕುವ ವಾಡಿಕೆಯಲ್ಲಿ ಒಂದು ಕಡೆ ಸಿಮೆಂಟು ದಂಡ, ಇನ್ನೊಂದು ಕಡೆ ನೆರಳು ಸಾಲದು.

ಪೂರ್ವ ಪಶ್ಚಿಮಗಳ ಗೋಡೆಗಳ ಪಾಡು ಬೇರೆ. ಅಲ್ಲಿ ಬಿಸಿಲು ಬೆಳಗಿನಲ್ಲಿಯೂ ಸಂಜೆಯಲ್ಲಿಯೂ ಕೆಳಗಿನಿಂದ ನೇರವಾಗಿ ಬರುವುದರಿಂದ ಸಜ್ಜಾ ಎಷ್ಟು ಚಾಚಿದರೂ ಹೆಚ್ಚು ಉಪಯೋಗವಿಲ್ಲ. ಆ ಕಡೆ ಕಿಟಕಿಗಳನ್ನು ಬಿಟ್ಟೇಬಿಡೋಣವೆಂದರೆ ಇನ್ನೊಂದು ತೊಡಕು ಎದುರಾಗುತ್ತದೆ. ಬೆಂಗಳೂರಿನಲ್ಲಿ ಮಳೆಗಾಲದ ಗಾಳಿ ಮುಖ್ಯವಾಗಿ ಪಶ್ಚಿಮದಿಂದ ಬೀಸುತ್ತದೆ, ಚಳಿಗಾಲದ ಗಾಳಿ ಪೂರ್ವದಿಂದ. ಬೇಡವಾದ ಬಿಸಿಲೂ ಬೇಕಾದ ಗಾಳಿಯೂ ಒಂದೇ ಬಾಗಿಲಿನಿಂದ ಬರುತ್ತವೆ ಎಂದಾಯಿತು.

ಈ ತೊಡಕಿಗೆ ನಮ್ಮ ಹಿರಿಯರು ಕಂಡುಕೊಂಡ ಪರಿಹಾರ ತೊಟ್ಟಿಯ ಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳವಿದ್ದರೆ ಬಿಸಿಯಾದ ಗಾಳಿ ಹಗುರವಾಗಿ ಅಲ್ಲಿಂದ ಮೇಲೇರುತ್ತದೆ. ಅದರ ಸ್ಥಳವನ್ನು ತುಂಬಲು ನೆರಳಿನ ಕಡೆಯ ತಂಪು ಗಾಳಿ ಒಳಕ್ಕೆ ಬರುತ್ತದೆ. ಹೊರಗಿನ ಕಿಟಕಿಗಳು ಚಿಕ್ಕವಾಗಿದ್ದರೂ ಬೆಳಕಿಗೆ ಕೊರತೆಯಿಲ್ಲ. ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು 1980ರ ದಶಕದಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ತಮಗಾಗಿಯೇ ಕಟ್ಟಿಕೊಂಡ ಮನೆಯ ಹೃದಯವೂ ಇಂಥದೊಂದು ಅಂಗಳವೇ. ಮೂವತ್ತು ನಲವತ್ತರ ನಿವೇಶನದಲ್ಲಿ ಅಷ್ಟು ಜಾಗವೆಲ್ಲಿ, ಎಂದು ವಾಚಕರು ಕೇಳಬಹುದು. ನಿಜ. ನೆರೆಮನೆಯ ಗೋಡೆಯೂ ಕೈಯಳತೆಯಲ್ಲಿರುತ್ತದೆ. ಅಂಥಲ್ಲಿ ಮೆಟ್ಟಿಲುಗಳ ಮೇಲಿನ ಸೂರನ್ನು ಎತ್ತರಿಸಿ, ಅದರ ನೆತ್ತಿಯಲ್ಲಿ ಬೆಳಕಿಂಡಿಯನ್ನೂ ಗಾಳಿಗಂಡಿಯನ್ನೂ ಇಟ್ಟರೆ ಆ ಕೊಳವೆಯೇ ಪುಟ್ಟ ತೊಟ್ಟಿಯಂತೆ ಕೆಲಸಮಾಡುತ್ತದೆ.

ಹವೆಯನ್ನು ಅನುಸರಿಸಿ ಕಟ್ಟಡವನ್ನು ರೂಪಿಸುವ ಈ ಶಾಸ್ತ್ರಕ್ಕೂ ಬೆಂಗಳೂರಿಗೂ ಹಳೆಯ ನಂಟುಂಟು. ನಾಜಿಗಳ ಕಾಟದಿಂದ ಜರ್ಮನಿಯನ್ನು ಬಿಟ್ಟ ಓಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಇಲ್ಲಿಯ ಮುಖ್ಯ ವಾಸ್ತುಶಿಲ್ಪಿಯಾದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ರಚಿಸಿದ ಕಟ್ಟಡಗಳಿವೆ. ಉಷ್ಣವಲಯದ ಗೃಹನಿರ್ಮಾಣವನ್ನು ಕುರಿತು ಅವರು ಸಂಗಡಿಗರೊಡನೆ ಬರೆದ ಗ್ರಂಥ 1970ರ ದಶಕದಲ್ಲಿ ಹೊರಬಂದು ಅನೇಕ ದೇಶಗಳ ವಿದ್ಯಾರ್ಥಿಗಳಿಗೆ ಕೈಪಿಡಿಯಾಯಿತು.

ಇನ್ನು ಗೋಡೆಯ ವಿಚಾರ. ಬೆಂಗಳೂರಿನ ತಳದಲ್ಲಿರುವುದು ನೈಸ್ ಎಂಬ ಅತಿ ಪ್ರಾಚೀನ ಶಿಲೆ. ಅದು ಯುಗಯುಗಗಳ ಕಾಲ ಮಳೆಬಿಸಿಲಿಗೆ ಸವೆದು ಮೇಲೆ ಕೆಮ್ಮಣ್ಣಾಗಿದೆ. ಪಾಯ ತೆಗೆಯುವಾಗ ಈ ಮಣ್ಣನ್ನು ಲಾರಿಗೆ ತುಂಬಿ ಊರಾಚೆ ಸುರಿಯಲು ಹಣ ಕೊಡುತ್ತೇವೆ. ಬೇರೆಲ್ಲಿಯೋ ಹೊಲದ ಮೇಲ್ಮಣ್ಣನ್ನು ಕೆತ್ತಿ, ಗೂಡಿನಲ್ಲಿ ಸುಟ್ಟ ಇಟ್ಟಿಗೆಯನ್ನು ತರಿಸಲು ಮತ್ತೆ ಹಣ ಕೊಡುತ್ತೇವೆ. ತೆಗೆದ ಮಣ್ಣನ್ನೇ ಗೋಡೆಯಾಗಿಸಬಾರದೇಕೆ?

ಹಸಿಮಣ್ಣಿನ ಗೋಡೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಅದರ ಶತ್ರು ನೀರು. ಮಣ್ಣಿನಲ್ಲಿ ಮರಳು ಅಸ್ಥಿಪಂಜರದಂತೆ, ಜೇಡಿ ಅಂಟಿನಂತೆ. ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಆದ್ದರಿಂದಲೇ ಬಿರುಕು. ಇದನ್ನು ತಡೆಯಲು ಎರಡು ಉಪಾಯಗಳುಂಟು. ಮಣ್ಣನ್ನು ಬಲವಾಗಿ ಒತ್ತಿ ಒಳಗಿನ ಪೊಳ್ಳನ್ನು ಕಡಮೆಮಾಡುವುದು ಒಂದು. ಸ್ವಲ್ಪ ಸಿಮೆಂಟನ್ನು ಬೆರೆಸಿ ಕಣಗಳನ್ನು ಶಾಶ್ವತವಾಗಿ ಬೆಸೆಯುವುದು ಇನ್ನೊಂದು. 1950ರ ದಶಕದಲ್ಲಿ ಕೊಲಂಬಿಯಾ ದೇಶದಲ್ಲಿ ರಾಉಲ್ ರಮೀರೆಸ್ ಎಂಬ ಇಂಜಿನಿಯರು ಇದಕ್ಕಾಗಿ ಕೈಯಿಂದ ಒತ್ತುವ ಯಂತ್ರವೊಂದನ್ನು ರಚಿಸಿದರು. ನಮ್ಮಲ್ಲಿ, ವಿಜ್ಞಾನವು ಹಳ್ಳಿಗಳಿಗೂ ಒದಗಬೇಕೆಂಬ ಉದ್ದೇಶದಿಂದ ಅಮೂಲ್ಯ ರೆಡ್ಡಿಯವರು 1974ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಆರಂಭಿಸಿದ 'ಅಸ್ತ್ರ' ವಿಭಾಗವು ಈ ಕೆಲಸವನ್ನು ಕೈಗೆತ್ತಿಕೊಂಡಿತು. ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಕರ್ನಾಟಕದ ಮಣ್ಣುಗಳನ್ನು ಪರೀಕ್ಷಿಸಿ, ಅಚ್ಚಿನ ಯಂತ್ರವನ್ನು ಸುಧಾರಿಸಿ, ಮಣ್ಣಿನ ಅಚ್ಚಿಟ್ಟಿಗೆಯನ್ನು ನಂಬಿಕೆಗೆ ಯೋಗ್ಯವಾದ ಸಾಮಗ್ರಿಯನ್ನಾಗಿ ಮಾಡಿದರು.

ನಿಮ್ಮ ನಿವೇಶನದ ಮಣ್ಣಿನ ಗುಣವನ್ನು ನೀವೇ ಸ್ಥೂಲವಾಗಿ ತಿಳಿಯಬಹುದು. ಅಗಲ ಬಾಯಿಯ ಗಾಜಿನ ಸೀಸೆಯಲ್ಲಿ ಅರ್ಧದಷ್ಟು ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಕೆಲವೇ ನಿಮಿಷಗಳಲ್ಲಿ ತಳಕ್ಕೆ ಇಳಿಯುತ್ತದೆ. ಅದರ ಮೇಲೆ ನುಣುಪಾದ ಹುಡಿ. ಜೇಡಿ ಕೂರಲು ಒಂದು ದಿನವೂ ಹಿಡಿದೀತು. ಮರಳು ಮೂರರಲ್ಲಿ ಎರಡು ಪಾಲು, ಜೇಡಿ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಇದ್ದರೆ ಮಣ್ಣು ಯೋಗ್ಯವಾದುದು. ಜೇಡಿ ಹೆಚ್ಚಾದರೆ ಹೊರಗಿನಿಂದ ಮರಳನ್ನೋ ಕಲ್ಲಿನ ಹುಡಿಯನ್ನೋ ಬೆರೆಸಬೇಕು. ನಿವೇಶನವು ಹಿಂದೆ ಕೆರೆಯ ಅಂಗಳವಾಗಿದ್ದರೆ, ಅಥವಾ ಕಸ ತುಂಬಿದ ಹಳ್ಳವಾಗಿದ್ದರೆ, ಆ ಮಣ್ಣಿನ ಆಸೆಯನ್ನು ಬಿಡುವುದೇ ಲೇಸು. ಕೊನೆಯ ತೀರ್ಮಾನವನ್ನು ಪ್ರಯೋಗಶಾಲೆಗೆ ಬಿಡತಕ್ಕದ್ದು.

ಅಚ್ಚಿಟ್ಟಿಗೆಯ ಒಂದು ಸಾಮಾನ್ಯ ಅಳತೆ 230 ಮಿಲಿಮೀಟರ್ ಉದ್ದ, 190 ಅಗಲ, 100 ಎತ್ತರ. ತೂಕ ಸುಮಾರು 8 ಕಿಲೋಗ್ರಾಂ. ಅದರಲ್ಲಿ ಸಿಮೆಂಟು ನೂರಕ್ಕೆ ಏಳೆಂಟು ಪಾಲು ಮಾತ್ರ. ಇಪ್ಪತ್ತಡಿ ಚೌಕದ ನೆಲವನ್ನು, ಮೇಲ್ಮಣ್ಣನ್ನು ಬಿಟ್ಟು, ನಾಲ್ಕು ಅಡಿ ಆಳ ಅಗೆದರೆ ದೊರೆಯುವ ಮಣ್ಣಿನಿಂದ ಸುಮಾರು 8,000 ಅಚ್ಚಿಟ್ಟಿಗೆಗಳಾಗುತ್ತವೆ. ಅದು 200 ಚದರ ಮೀಟರಿನಷ್ಟು ಗೋಡೆ. ಒಂದು ಸಣ್ಣ ಸಂಸಾರದ ಮನೆಗೆ ಬಹುಮಟ್ಟಿಗೆ ಸಾಲುವಷ್ಟು. ಮೇಲಾಗಿ, ಅಗೆದ ಹಳ್ಳವೇ ಒಂದು ನೆಲಮಾಳಿಗೆ! ಇದು ಬರಿಯ ಕಲ್ಪನೆಯಲ್ಲ. ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅವರು 1990ರ ದಶಕದಲ್ಲಿ ಬೆಂಗಳೂರಿನ ಉತ್ತರದ ವಿದ್ಯಾರಣ್ಯಪುರದಲ್ಲಿ ತಮ್ಮ ಸಂಸಾರಕ್ಕಾಗಿ ಮನೆ ಕಟ್ಟಿದಾಗ ನೆಲಮಾಳಿಗೆಗೆ ಅಗೆದ ಮಣ್ಣನ್ನೇ ಗೋಡೆಗಳಿಗೆ ಬಳಸಿದರು. ಇತರರ ಮನೆಗಳಿಗೆ ಹೇಳುವ ಮೊದಲು ತಮ್ಮ ಮನೆಯಲ್ಲಿಯೇ ಮಾಡಿ ತೋರಿಸಿದುದು ಅವರ ಹಿರಿಮೆ.

ಅಚ್ಚಿಟ್ಟಿಗೆಗೆ ಗೂಡಿನ ಬೆಂಕಿ ಬೇಡ. ಮೂರು ನಾಲ್ಕು ವಾರ ನೀರು ಚಿಮುಕಿಸಿ ಹದಗೊಳಿಸಿದರೆ ಸಾಕು. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂದು ಘನಮೀಟರ್ ಸುಟ್ಟ ಇಟ್ಟಿಗೆಯ ಗೋಡೆಗೆ ಸುಮಾರು 2,140 ಮೆಗಾಜೂಲ್ ಶಕ್ತಿ ವ್ಯಯವಾದರೆ, ನೂರಕ್ಕೆ ಆರು ಪಾಲು ಸಿಮೆಂಟು ಬೆರೆತ ಮಣ್ಣಿನ ಗೋಡೆಗೆ ಸುಮಾರು 650 ಮಾತ್ರ. ಮೂರನೆಯ ಒಂದು ಪಾಲಿಗಿಂತಲೂ ಕಡಮೆ.

ಸೂರಿನಲ್ಲಿಯೂ ಹೀಗೆಯೇ ಬೇಡವಾದುದನ್ನು ಬಿಡಬಹುದು. ಬಾಳೆಯ ದಿಂಡನ್ನು ಎರಡು ತುದಿಗಳಲ್ಲಿ ಆಸರೆಯಿಟ್ಟು ನಡುವೆ ಒತ್ತಿ ನೋಡಿ: ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಬಿರಿಯುತ್ತದೆ. ತಾರಸಿಯೂ ಹೀಗೆಯೇ ಬಾಗುತ್ತದೆ. ಕಾಂಕ್ರೀಟು ಅದುಮಿದರೆ ತಾಳುತ್ತದೆ, ಎಳೆದರೆ ತಾಳದು. ಕೆಳಭಾಗದ ಎಳೆತವನ್ನು ತಾಳುವುದು ಕಬ್ಬಿಣದ ಸರಳು. ಹಾಗಾದರೆ ಸರಳುಗಳ ನಡುವೆ, ಕೆಳಭಾಗದಲ್ಲಿರುವ ಕಾಂಕ್ರೀಟು ಅಲ್ಲಿ ಸುಮ್ಮನೆ ಭಾರವಾಗಿ ಕುಳಿತಿದೆ. ಅದರ ಬದಲು ಮಂಗಳೂರು ಹೆಂಚುಗಳನ್ನು ಜೋಡಿಸಿದರೆ ಭಾರವೂ ಖರ್ಚೂ ಇಳಿಯುತ್ತವೆ. ಕೆಳಗಿನಿಂದ ನೋಡುವವರಿಗೆ ಹೆಂಚಿನ ಸಾಲೇ ಚೆಲುವಾಗಿ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ ಲಾರಿ ಬೇಕರ್ ಅವರು ಈ ವಿಧಾನಕ್ಕೆ ಪ್ರಚಾರ ತಂದರು. ಸರಳುಗಳ ಅಂತರವನ್ನು ಮಾತ್ರ ಇಂಜಿನಿಯರೇ ಲೆಕ್ಕಹಾಕಬೇಕು. ಅಂದಾಜಿನ ಮಾತು ಇಲ್ಲಿ ಸಲ್ಲದು.

ಆ ಸೂರು ನೆರಳಿಗೆ ಮಾತ್ರವಲ್ಲ, ನೀರಿಗೂ ಒದಗುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 80 ಚದರ ಮೀಟರಿನ ತಾರಸಿಯ ಮೇಲೆ ಬೀಳುವ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಹಿಡಿದರೂ ಅದು 62,000 ಲೀಟರ್. ಹೊಸ ಮನೆಗಳು ಮಳೆನೀರನ್ನು ಹಿಡಿಯಬೇಕೆಂಬ ನಿಯಮ 2009ರಲ್ಲಿ ಬಂದಿತು.

ಇಷ್ಟೆಲ್ಲ ಆದಮೇಲೆ ಗಿಲಾವಿನ ಪ್ರಶ್ನೆ ಬರುತ್ತದೆ. ಗಿಲಾವು ಗೋಡೆಗೆ ಹೊದಿಕೆ ಮಾತ್ರವಲ್ಲ. ತಪ್ಪುಗಳಿಗೆ ಮುಸುಕೂ ಹೌದು. ಮೇಸ್ತ್ರಿಯ ಸಾಲು ಸೊಟ್ಟಗಾದರೂ, ವಿದ್ಯುತ್ತಿನ ತಂತಿಗಾಗಿ ಗೋಡೆಯನ್ನು ಕೆತ್ತಿದರೂ, ನಲ್ಲಿಯ ಕೊಳವೆಯನ್ನು ಎರಡು ಸಲ ಬದಲಿಸಿದರೂ ಅರ್ಧ ಅಂಗುಲದ ಗಾರೆ ಎಲ್ಲವನ್ನೂ ಮುಚ್ಚುತ್ತದೆ. ಬರಿಯ ಗೋಡೆ ಏನನ್ನೂ ಮುಚ್ಚದು. ಆದ್ದರಿಂದ ಮೊದಲ ಸಾಲು ಏಳುವ ಮುನ್ನವೇ ಎಲ್ಲವೂ ನಿಶ್ಚಯವಾಗಬೇಕು: ತಾಯಿಯ ಮಂಚ ಎಲ್ಲಿ, ಅವರು ರಾತ್ರಿ ಎದ್ದಾಗ ಕೈಗೆ ಸಿಗಬೇಕಾದ ದೀಪದ ಗುಂಡಿ ಎಲ್ಲಿ, ರುಬ್ಬುವ ಯಂತ್ರ ಎಲ್ಲಿ, ದೇವರ ಗೂಡು ಯಾವ ಗೋಡೆಯಲ್ಲಿ, ಮಕ್ಕಳು ಓದುವ ಮೇಜಿಗೆ ಬೆಳಕು ಯಾವ ಕಡೆಯಿಂದ. ವಾಸ್ತುಶಿಲ್ಪಿ ಇವನ್ನು ಕೇಳಬೇಕು. ಮನೆಯವರು ಯೋಚಿಸಿ ಹೇಳಬೇಕು. ಗಿಲಾವಿನಲ್ಲಿ ಉಳಿಸಿದ ಶ್ರಮವನ್ನು ಮಾತುಕತೆಯಲ್ಲಿ ತೆರಬೇಕು.

ಗೋಡೆಗೂ ತಕ್ಕ ರಕ್ಷಣೆ ಬೇಕು. ನೆಲದಿಂದ ಸಿಡಿಯುವ ಮಳೆಹನಿ ಮುಟ್ಟದಂತೆ ಬುಡದಲ್ಲಿ ಒಂದೂವರೆ ಎರಡು ಅಡಿ ಕಲ್ಲಿನ ಕಟ್ಟಡ, ಮೇಲೆ ಚಾಚಿದ ಸೂರು: ಕಾಲಿಗೆ ಪಾದರಕ್ಷೆ, ತಲೆಗೆ ಕೊಡೆ ಇದ್ದಂತೆ. ಇವನ್ನು ಬಿಟ್ಟು 'ಸರಳ' ಎಂದು ಹೇಳಿಕೊಂಡರೆ ಕೆಲವೇ ಮಳೆಗಾಲಗಳಲ್ಲಿ ಗೋಡೆಯೇ ಉತ್ತರ ಕೊಡುತ್ತದೆ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ವಿವೇಕವೇ ಸರಳತೆ.

ಬೈಯಪ್ಪನಹಳ್ಳಿಯಿಂದ ಹೊರಟ ಗಾಡಿಯ ಕಿಟಕಿಯಿಂದ ಅಂಥದೊಂದು ಕೆಂಪು ಗೋಡೆ ಮುಂದೆ ಎಂದಾದರೂ ಕಂಡರೆ, ಹಣ ಮುಗಿಯಿತೆಂದು ಮರುಗುವ ಮೊದಲು ಅದರ ಸಜ್ಜಾ ಎಷ್ಟು ಚಾಚಿದೆ, ಬುಡದಲ್ಲಿ ಕಲ್ಲು ಇದೆಯೇ, ಸಾಲುಗಳು ನೇರವಾಗಿವೆಯೇ ಎಂದು ನೋಡಿ. ಇದ್ದರೆ, ಅಲ್ಲಿ ಮುಗಿದದ್ದು ಹಣವಲ್ಲ, ಕೆಲಸ ಎಂದು ತಿಳಿಯಬಹುದು.