ಸವೆದ ಕೀಲು

ಬೀಸುವ ಕಲ್ಲು ನಿಮಗೆ ಗೊತ್ತಲ್ಲ? ನಡುವೆ ರಾಗಿ ಇದ್ದರೆ ಕಲ್ಲು ಸಲೀಸಾಗಿ ತಿರುಗುತ್ತದೆ. ಕಾಳು ಹಾಕದೆ ತಿರುಗಿಸಿ ನೋಡಿ. ಕಲ್ಲಿಗೆ ಕಲ್ಲು ಉಜ್ಜುತ್ತದೆ. ಕರಕರ ಸದ್ದು ಬರುತ್ತದೆ. ಎರಡೂ ಕಲ್ಲು ಸವೆಯುತ್ತವೆ.

ಒಬ್ಬ ಆಟಗಾರನ ಕಾಲಿನಲ್ಲಿ ಹೀಗೇ ಆಯಿತು. ಆತನ ಹೆಸರು ಮಾರ್ಕೊ ವಾನ್ ಬಾಸ್ಟೆನ್. ಹುಟ್ಟಿದ್ದು 1964ರಲ್ಲಿ, ಹಾಲೆಂಡ್ ದೇಶದ ಉಟ್ರೆಕ್ಟ್ ಊರಿನಲ್ಲಿ. ಆತನ ಆಟ ಫುಟ್‌ಬಾಲ್, ಅಂದರೆ ಕಾಲ್ಚೆಂಡು.

ಈ ಆಟವನ್ನು ಶಾಲೆಯ ಬಯಲಲ್ಲಿ ನೀವು ನೋಡಿರಬಹುದು. ಒಂದೊಂದು ಕಡೆ 11 ಜನ. ಚೆಂಡನ್ನು ಒದ್ದು ಎದುರು ಪಕ್ಷದ ಗೋಲಿನೊಳಗೆ ಹಾಕಬೇಕು. ಗೋಲು ಹೊಡೆಯುವುದೇ ಮಾರ್ಕೊನ ಕೆಲಸ. ಹಾಲೆಂಡಿನ ಅಯಾಕ್ಸ್ ತಂಡಕ್ಕೆ ಲೀಗ್‌ನಲ್ಲಿ 133 ಪಂದ್ಯ ಆಡಿ 128 ಗೋಲು ಹೊಡೆದ. ಹೆಚ್ಚು ಕಡಿಮೆ ಪಂದ್ಯಕ್ಕೊಂದು!

1986ರ ಡಿಸೆಂಬರ್ ತಿಂಗಳು. ಎದುರಿನವನಿಂದ ಚೆಂಡು ಕಿತ್ತುಕೊಳ್ಳಲು ಹೋದಾಗ ಮಾರ್ಕೊನ ಬಲಗಾಲಿಗೆ ಪೆಟ್ಟಾಯಿತು. ಕಾಲು ಮತ್ತು ಪಾದ ಕೂಡುವ ಕೀಲಿಗೆ ಬಿದ್ದ ಪೆಟ್ಟು ಅದು. ಆದರೂ ನೋವಿನಲ್ಲೇ ಆಡಿದ. ಹೊಲದಲ್ಲಿ ಕಾಲು ಉಳುಕಿದರೆ ನಾವೂ ಹಳೇ ಸೀರೆಯ ಚೂರು ಕಟ್ಟಿಕೊಂಡು ಕೆಲಸಕ್ಕೆ ಹೋಗ್ತೀವಿ, ಹಾಗೆ. 1987ರ ಮೇ ತಿಂಗಳಲ್ಲಿ ಅಯಾಕ್ಸ್ ಯುರೋಪಿನ ಒಂದು ದೊಡ್ಡ ಕಪ್ ಗೆದ್ದಿತು. ಆ ಕೊನೇ ಪಂದ್ಯದ ಒಂದೇ ಗೋಲು ಮಾರ್ಕೊನದು. ಜನ ಗೋಲು ನೋಡಿದರು. ನೋವು ಯಾರಿಗೆ ಕಾಣುತ್ತೆ?

ಕೀಲಿನೊಳಗೆ ಎರಡು ಎಲುಬುಗಳ ತುದಿಗೆ ಮೆತ್ತನೆಯ ನುಣುಪಾದ ಹೊದಿಕೆ ಇರುತ್ತದೆ. ಬೀಸುವ ಕಲ್ಲಿಗೆ ರಾಗಿ ಹೇಗೋ, ಎಲುಬಿಗೆ ಇದು ಹಾಗೆ. ಈ ಹೊದಿಕೆಯಲ್ಲಿ ರಕ್ತದ ನಾಳಗಳಿಲ್ಲ. ಅದಕ್ಕೇ ಚರ್ಮದ ಗಾಯ ಮಾಯುವ ಹಾಗೆ ಇದು ಮಾಯುವುದಿಲ್ಲ. ಹೊದಿಕೆ ಹೋದರೆ ಎಲುಬಿಗೆ ಎಲುಬು ಉಜ್ಜುತ್ತದೆ.

1987ರಲ್ಲಿ ಮಾರ್ಕೊ ಇಟಲಿಯ ಮಿಲಾನ್ ತಂಡ ಸೇರಿದ. ಅದೇ ವರ್ಷ ಕಾಲಿಗೆ ಆಪರೇಷನ್ ಆಯಿತು. 1988ರಲ್ಲಿ ಯುರೋಪಿನ ದೇಶಗಳ ಪಂದ್ಯಾವಳಿಯಲ್ಲಿ 5 ಗೋಲು ಹೊಡೆದ. ಹಾಲೆಂಡ್ ಗೆದ್ದಿತು. ಯುರೋಪಿನ ಅತ್ಯುತ್ತಮ ಆಟಗಾರ ಎಂಬ ಪ್ರಶಸ್ತಿ ಆತನಿಗೆ 1988, 1989, 1992 ಹೀಗೆ ಮೂರು ಸಲ ಬಂತು. ಆದರೆ ಎದುರಾಳಿಗಳು ಹಿಂದಿನಿಂದ ಬಂದು ಆತನ ಕಾಲಿಗೇ ಒದೆಯುತ್ತಿದ್ದರು. ಹಿಂದಿನಿಂದ ಬಂದು ಅಪಾಯವಾಗುವಂತೆ ಕಾಲು ಹಾಕಿದವನನ್ನು ಆಟದಿಂದ ಹೊರಗೆ ಕಳಿಸಬೇಕು ಎಂದು ನಿಯಮದಲ್ಲಿ ಸ್ಪಷ್ಟವಾಗಿ ಬರೆದದ್ದು 1998ರಲ್ಲಿ. ಮಾರ್ಕೊನ ಪಾಲಿಗೆ ಅದು ತಡವಾಗಿತ್ತು.

1992ರ ಕೊನೆಗೆ ಮತ್ತೆ ಆಪರೇಷನ್. 1993ರ ಮೇ 26ರಂದು ಆಡಿದ್ದೇ ಕೊನೆಯ ಪಂದ್ಯ. ಆಗ ವಯಸ್ಸು 28. ಮುಂದೆ ಎರಡು ವರ್ಷ ಚಿಕಿತ್ಸೆ ನಡೆಯಿತು. ರಾತ್ರಿ ಬಚ್ಚಲಿಗೆ ಹೋಗಲೂ ಅಂಬೆಗಾಲಿಡಬೇಕಾಗಿತ್ತು ಎಂದು ಆತನೇ ಮುಂದೆ ಹೇಳಿದ್ದಾನೆ. ಅದೇ ಕಾಲು ನೋಡಿ, ಲೋಕ ಕೊಂಡಾಡಿದ ಕಾಲು!

1995ರ ಆಗಸ್ಟ್‌ನಲ್ಲಿ ಆಟ ಬಿಟ್ಟೆ ಎಂದು ತಿಳಿಸಿದ. ಮಿಲಾನಿನ ಮೈದಾನದಲ್ಲಿ ಚಪ್ಪಾಳೆ ತಟ್ಟುತ್ತಾ ಜನರಿಗೆ ವಿದಾಯ ಹೇಳಿದ. ತಂಡದ ತರಬೇತುದಾರ ಫಾಬಿಯೊ ಕಪೆಲ್ಲೊ ಅತ್ತುಬಿಟ್ಟರು.

ಮರುವರ್ಷ ವೈದ್ಯರು ಆ ಕೀಲಿನ ಎಲುಬುಗಳನ್ನು ಒಂದಕ್ಕೊಂದು ಬೆಸೆದರು. ಬೆಸೆದ ಕೀಲು ಮಡಚುವುದಿಲ್ಲ. ಎಲುಬು ಉಜ್ಜುವುದೂ ಇಲ್ಲ, ಹಾಗಾಗಿ ಆ ನೋವು ತಗ್ಗುತ್ತದೆ. 2004ರಿಂದ 2008ರವರೆಗೆ ಮಾರ್ಕೊ ಹಾಲೆಂಡ್ ತಂಡದ ತರಬೇತುದಾರನಾಗಿದ್ದ. ಮೈದಾನದ ಅಂಚಿನಲ್ಲಿ ನಿಂತು ಹುಡುಗರನ್ನು ಆಡಿಸಿದ.