ತೊಟ್ಟಿಲಿಲ್ಲದ ಬಾಣಂತಿ

ಹೆರಿಗೆಯಾದ ಮೂರನೆಯ ದಿನದ ಸುಮಾರಿಗೆ ಎದೆಗೆ ಹಾಲು ಇಳಿಯುವದೆಂಬ ಸಂಗತಿಯು ಗೃಹಸ್ಥರೆಲ್ಲರಿಗೂ ತಿಳಿದುದೇ ಆಗಿದೆ. ಮಡಿಲಲ್ಲಿ ಕೂಸು ಇದ್ದರೆ ಅದು ಮನೆಮಂದಿಗೆಲ್ಲ ಸಂತೋಷದ ವಾರ್ತೆ. ಆದರೆ ಮಡಿಲು ಬರಿದಾಗಿದ್ದರೆ? ಕೂಸು ಹುಟ್ಟುತ್ತಲೇ ಕಣ್ಣು ಮುಚ್ಚಿದ್ದರೆ, ಇಲ್ಲವೆ ತಾಯಿಯು ಕಠಿನ ರೋಗಕ್ಕೆ ಔಷಧ ಕೊಳ್ಳುತ್ತಿರುವದರಿಂದ ಮೊಲೆಯೂಡಿಸಬಾರದೆಂದು ವೈದ್ಯರು ಹೇಳಿದ್ದರೆ? ಆಗಲೂ ಆ ದಿನ ಬಂದೇ ಬರುವದು. ಹಾಲೂ ಬಂದೇ ಬರುವದು. ಈ ಮಾತನ್ನು ಆ ತಾಯಿಗೆ ಮೊದಲೇ ತಿಳಿಸಿ ಹೇಳುವವರು ವಿರಳ. ಆದುದರಿಂದಲೇ ನಾವು ಈ ವಿಷಯವನ್ನು ಇಂದು ಎತ್ತಿಕೊಂಡಿರುವೆವು.

ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಸಾಗುವ ರೈಲುದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದರ ಹಿಂದೊಂದು ಬರುತ್ತವೆ. ಏಲಕ್ಕಿಯ ಹಾರಕ್ಕೆ ಮೊದಲನೆಯದು, ಮೆಣಸಿನಕಾಯಿಗೆ ಎರಡನೆಯದು, ಬೀಜದ ವ್ಯಾಪಾರಕ್ಕೆ ಮೂರನೆಯದು ಹೆಸರಾಗಿವೆ. ಈ ಸೀಮೆಯಲ್ಲಿ ಬಾಣಂತನವೆಂದರೆ ಸಣ್ಣ ಮಾತಲ್ಲ. ತವರುಮನೆಯ ಬೆಚ್ಚನೆಯ ಕೋಣೆ, ಎಣ್ಣೆ-ನೀರು, ಅಳವಿಯ ಪಾಯಸ, ಅಂಟಿನ ಉಂಡೆ, ತಲೆಗೆ ಸುತ್ತಿದ ಅರಿವೆ — ಎಲ್ಲವೂ ಕ್ರಮಪ್ರಕಾರ ನಡೆಯಬೇಕು. ಆದರೆ ಈ ಉಪಚಾರವೆಲ್ಲ ತೊಟ್ಟಿಲಿನ ಸುತ್ತಲೇ ತಿರುಗುವದು. ತೊಟ್ಟಿಲು ಕಟ್ಟದ ಮನೆಯಲ್ಲಿ ದುಃಖದ ಭರದಲ್ಲಿ ಬಾಣಂತಿಯ ದೇಹವನ್ನೇ ಮರೆತುಬಿಡುವ ಸಂಭವವುಂಟು. ನಾಲ್ಕನೆಯ ದಿನ ಅವಳು ಒಲೆಯ ಮುಂದೆ ಕುಳಿತರೂ ಯಾರೂ ಏನೂ ಅನ್ನುವದಿಲ್ಲ. ಅದೇ ದಿನ ಅವಳ ಎದೆ ಕಲ್ಲಿನಂತೆ ಗಡುಸಾಗಿ, ಕೈ ಎತ್ತಲಾರದಷ್ಟು ನೋಯುತ್ತಿರುವದು, ರವಿಕೆ ತೊಯ್ಯುತ್ತಿರುವದು, ಹೇಳಿಕೊಳ್ಳಲು ನಾಚಿಕೆ, ಹೇಳದಿರಲು ಸಂಕಟ. ನಾವು ಹೇಳಬೇಕೆಂದಿರುವದು ಒಂದೇ ಮಾತು: ತೊಟ್ಟಿಲಿಲ್ಲದಿದ್ದರೂ ಅವಳು ಬಾಣಂತಿಯೇ.

ಹಾಲು ಬರುವದೇಕೆ? ಕೂಸಿನ ಅಳುವಿನಿಂದಲ್ಲ. ಗರ್ಭದಲ್ಲಿ ಮಾಸು ಇರುವ ತನಕ ಅದರಿಂದ ಹುಟ್ಟುವ ಪ್ರೊಜೆಸ್ಟರಾನ್ ಎಂಬ ರಸವು ಹಾಲನ್ನು ತಡೆದಿಡುವದು. ಮಾಸು ಬಿದ್ದೊಡನೆ ಆ ತಡೆ ತೆಗೆದಂತಾಗಿ, ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ರಸದ ಕೈ ಮೇಲಾಗುವದು. ಎರಡರಿಂದ ನಾಲ್ಕನೆಯ ದಿನದೊಳಗೆ ಹಾಲು ತುಂಬುವದು. ಅದರೊಡನೆ ರಕ್ತವೂ ನೀರೂ ಸೇರಿ ಎದೆ ಬಾಯುವದು. ಐದಾರು ತಿಂಗಳಿಗೆ ಗರ್ಭ ಹೋದವರಿಗೂ ಹೀಗಾಗುವದುಂಟು. ಇದು ದೈವದ ಕೋಪವೂ ಅಲ್ಲ, ತಾಯಿಯ ತಪ್ಪೂ ಅಲ್ಲ, ದೇಹಧರ್ಮ. ಕೊಳ್ಳುವವರಿಲ್ಲದ ಪೇಟೆಗೆ ಮಾಲು ಬರುವದು ತಾನಾಗಿಯೇ ನಿಲ್ಲುವಂತೆ, ತೆಗೆಯದೆ ಬಿಟ್ಟ ಹಾಲು ಕ್ರಮೇಣ ಬತ್ತುವದು. ಮೂರರಿಂದ ಐದನೆಯ ದಿನದ ವರೆಗೆ ನೋವು ಹೆಚ್ಚು. ಬಹುಮಟ್ಟಿಗೆ ಒಂದೆರಡು ವಾರದಲ್ಲಿ ಎದೆ ಮೆತ್ತಗಾಗುವದು. ಆಮೇಲೂ ಕೆಲವು ವಾರ ಹನಿ ಹನಿಯಾಗಿ ಹಾಲು ಕಂಡರೆ ಗಾಬರಿಪಡಬೇಕಾದುದಿಲ್ಲ.

ಅಲ್ಲಿಯ ತನಕ ಮಾಡತಕ್ಕದ್ದು ಏನು? ಎದೆಗೆ ಆಧಾರ ಕೊಡುವ, ಆದರೆ ಬಿಗಿಯದ ಒಳರವಿಕೆಯನ್ನು ಹಗಲಿರುಳೂ ತೊಡಬೇಕು. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಅರಿವೆಯನ್ನು, ಇಲ್ಲವೆ ಅರಿವೆಯಲ್ಲಿ ಸುತ್ತಿದ ಬರ್ಫವನ್ನು ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯಬೇಕು; ಹೀಗೆ ದಿನಕ್ಕೆ ಹಲವು ಸಲ. ನೋವು ತಡೆಯದಾದಾಗ ಕೈಯಿಂದ ನಾಲ್ಕು ಹನಿ ತೆಗೆದು ಬಿಗಿ ಸಡಿಲಿಸಬಹುದು. ಪೂರ್ತಿ ಬರಿದು ಮಾಡಿದರೆ ಹಾಲು ಮತ್ತೆ ತುಂಬುವದು. ನೋವಿಗೆ ಪ್ಯಾರಾಸಿಟಮಾಲ್ ಗುಳಿಗೆಯನ್ನು ವೈದ್ಯರು ಹೇಳಿದ ಅಳತೆಯಲ್ಲಿ ಕೊಡಬಹುದು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೈಗಳಿಗೆ ಒಂದು ವಿಶೇಷ ಸೂಚನೆ: ಮೆಣಸಿನ ಖಾರವು ಬರಿಯ ನೀರಿಗೆ ಹೋಗುವದಿಲ್ಲ. ಅಂಥ ಕೈಗೆ ಮೊದಲು ಎಣ್ಣೆ ಹಚ್ಚಿ ತಿಕ್ಕಿ, ಬಳಿಕ ಸಾಬೂನಿನಿಂದ ತೊಳೆದೇ ಎದೆಯನ್ನು ಮುಟ್ಟಬೇಕು. ಆರೈಕೆ ಮಾಡುವ ತಾಯಿ, ಅತ್ತೆ, ಅಕ್ಕಂದಿರಿಗೂ ಈ ಮಾತು ಸಲ್ಲುವದು.

ನಮ್ಮ ದಕ್ಷಿಣದೇಶದ ಹಳೆಯ ಉಪಾಯವೊಂದನ್ನು ಇಲ್ಲಿ ನೆನೆಯಬೇಕು. ಹಾಲು ಬತ್ತಿಸಲು ದುಂಡುಮಲ್ಲಿಗೆಯ ಹೂಗಳನ್ನು ಎದೆಯ ಮೇಲೆ ಕಟ್ಟುವ ರೂಢಿ ಅದು. ವೆಲ್ಲೂರಿನ ವೈದ್ಯರು ಇದನ್ನು ಬ್ರೋಮೋಕ್ರಿಪ್ಟಿನ್ ಎಂಬ ಗುಳಿಗೆಯೊಡನೆ ಹೋಲಿಸಿ ನೋಡಿ 1988ರಲ್ಲಿ ಫಲವನ್ನು ಪ್ರಕಟಿಸಿದರು. ರಕ್ತದಲ್ಲಿಯ ಪ್ರೊಲ್ಯಾಕ್ಟಿನ್ ಗುಳಿಗೆಯಿಂದಲೇ ಹೆಚ್ಚು ಇಳಿದಿದ್ದರೂ, ಬಾವು ಮತ್ತು ನೋವುಗಳನ್ನು ತಗ್ಗಿಸುವದರಲ್ಲಿ ಎರಡೂ ಸರಿಸಮವಾದವು. ಅದು ಚಿಕ್ಕ ಪರೀಕ್ಷೆ. ಅದರಿಂದಲೇ ಎಲ್ಲವೂ ಸಿದ್ಧವಾಯಿತೆಂದು ನಾವು ಹೇಳುವದಿಲ್ಲ. ಆದರೂ ತೊಳೆದ ಮಲ್ಲಿಗೆಯಿಂದಾಗಲಿ, ತಣ್ಣಗಿನ ಎಲೆಕೋಸಿನ ಎಲೆಯಿಂದಾಗಲಿ ಹಾಯೆನಿಸಿದರೆ ಬಳಸಬಹುದು. ಚರ್ಮ ಕೆಂಪೇರಿದರೆ ಬಿಡಬೇಕು.

ಇನ್ನು ಮಾಡಬಾರದ್ದು. ಅರಿವೆಯಿಂದ ಎದೆಯನ್ನು ಬಿಗಿದು ಕಟ್ಟುವ ವಾಡಿಕೆಯಿಂದ ನೋವು ಹೆಚ್ಚುವದು. ನಾಳಗಳು ಕಟ್ಟಿಕೊಳ್ಳುವ ಅಪಾಯವೂ ಉಂಟು. ಬಿಸಿ ಶಾಖ ಕೊಟ್ಟರೆ ಹಾಲು ಇನ್ನಷ್ಟು ಇಳಿದೀತು. ಜೋರಾಗಿ ತಿಕ್ಕಿದರೆ ಬಾವು ಬಲಿತೀತು. ನೀರು ಕಡಿಮೆ ಕುಡಿದರೆ ಹಾಲು ಬತ್ತುವದೆಂಬುದು ಭ್ರಮೆ. ಹಾಲು ಹೆಚ್ಚಲೆಂದು ಕೊಡುವ ಅಳವಿ, ಮೆಂತ್ಯಗಳನ್ನು ಬಿಡಬಹುದು, ಊಟವನ್ನು ಬಿಡಿಸಬಾರದು. ಹೆತ್ತ ದೇಹಕ್ಕೆ ಆಹಾರವೂ ವಿಶ್ರಾಂತಿಯೂ ಬೇಕೇ ಬೇಕು.

ಹಾಲು ತಡೆಯುವ ಗುಳಿಗೆಗಳ ಬಗ್ಗೆ ಎರಡು ಮಾತು. ಮೇಲೆ ಹೇಳಿದ ಬ್ರೋಮೋಕ್ರಿಪ್ಟಿನ್‌ನಿಂದ ಕೆಲವರಿಗೆ ರಕ್ತದ ಒತ್ತಡ ಏರಿ ಪ್ರಾಣಕ್ಕೆ ಅಪಾಯವೊದಗಿದ್ದರಿಂದ, ಅಮೆರಿಕದಲ್ಲಿ 1990ರ ದಶಕದಲ್ಲಿ ಈ ಕೆಲಸಕ್ಕೆ ಅದರ ಬಳಕೆಯನ್ನು ಹಿಂದೆಗೆದುಕೊಂಡರು. ಈಗ ಕ್ಯಾಬರ್ಗೋಲಿನ್ ಎಂಬುದನ್ನು ವೈದ್ಯರು ಕೊಡುವದುಂಟು. ಹಾಲು ಇಳಿಯುವ ಮೊದಲು, ಹೆರಿಗೆಯಾದ ದಿನವೇ ಕೊಟ್ಟರೆ ಅದರ ಗುಣ ಹೆಚ್ಚು. ರಕ್ತದ ಒತ್ತಡವುಳ್ಳವರಿಗೆ ಅದು ಸಲ್ಲದು. ಆದುದರಿಂದ ಆಸ್ಪತ್ರೆ ಬಿಡುವ ಮೊದಲೇ ಕೇಳತಕ್ಕದ್ದು. ಅಂಗಡಿಯಿಂದ ತಾವಾಗಿ ತಂದು ನುಂಗತಕ್ಕದ್ದಲ್ಲ.

ಎದೆಯ ಒಂದು ಭಾಗ ಕೆಂಪಾಗಿ ಸುಡುತ್ತಿದ್ದರೆ, ಚಳಿ ಬಂದು ಜ್ವರ 100.4 ಡಿಗ್ರಿ ದಾಟಿದರೆ, ಗಡ್ಡೆ ಕರಗದೆ ನಿಂತರೆ, ಕೀವು ಕಂಡರೆ ತಡಮಾಡದೆ ತಾಲ್ಲೂಕಿನ ಅಥವಾ ಜಿಲ್ಲೆಯ ಆಸ್ಪತ್ರೆಗೆ ಕರೆದೊಯ್ಯಬೇಕು. ಬಾಣಂತಿಯ ಜ್ವರಕ್ಕೆ ಗರ್ಭಾಶಯದ ನಂಜೂ ಕಾರಣವಾಗಿರಬಹುದು. ಎದೆಯ ಬಾವೆಂದೇ ತಿಳಿದು ಮನೆಯಲ್ಲಿ ಕೂಡ್ರಬಾರದು.

ಒಂದು ಎಚ್ಚರಿಕೆ: ಕೂಸು ಬದುಕಿದ್ದು, ಅಶಕ್ತವಾಗಿ ಆಸ್ಪತ್ರೆಯ ಆರೈಕೆಯಲ್ಲಿದ್ದರೆ ಮೇಲಿನದೆಲ್ಲ ಸಲ್ಲದು. ಆಗ ಎರಡು ಮೂರು ತಾಸಿಗೊಮ್ಮೆ ಹಾಲು ತೆಗೆದು ಕೂಸಿಗೆ ಮುಟ್ಟಿಸಬೇಕು. ಕೂಸನ್ನು ಕಳೆದುಕೊಂಡ ಕೆಲವು ತಾಯಂದಿರು ತಮ್ಮ ಹಾಲನ್ನು ಬೇರೆ ಕೂಸುಗಳಿಗೆ ಕೊಡಬಯಸುವದೂ ಉಂಟು. ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ 1989ರಲ್ಲಿ ನಮ್ಮ ದೇಶದ ಮೊದಲ ಎದೆಹಾಲಿನ ಭಂಡಾರ ತೆರೆಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಒಂದಾಯಿತು. ಕೊಡುವದು ಪುಣ್ಯವೇ, ಕೊಡದಿರುವದು ಪಾಪವಲ್ಲ.

ಆಶಾ ಕಾರ್ಯಕರ್ತೆಯು ಆಸ್ಪತ್ರೆಯ ಹೆರಿಗೆಯ ಬಳಿಕ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕೆಂಬ ನೇಮವುಂಟು. ಅದು ಕೂಸಿಗಾಗಿ ಮಾಡಿದ ನೇಮವೆಂದು ಕೂಸಿಲ್ಲದ ಮನೆಯವರು ಸುಮ್ಮನಿರಬಾರದು. ಮೂರನೆಯ ದಿನವೇ ಅವಳನ್ನು ಕರೆಯಿಸಬೇಕು. ಅಳು ನಿಲ್ಲದೆ, ನಿದ್ರೆ ಬಾರದೆ, ಬದುಕೇ ಬೇಡವೆನಿಸಿದರೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ದೂರವಾಣಿ ಮಾಡಿ ಯಾವ ಹೊತ್ತಿನಲ್ಲಿಯೂ ಮಾತಾಡಬಹುದು.

ಕೊನೆಗೆ ಮನೆಯ ಯಜಮಾನರಲ್ಲಿ ನಮ್ಮ ಬಿನ್ನಹ. "ಮುಂದಿನ ವರ್ಷ ಇನ್ನೊಂದು ಆಗುವದು, ಬಿಡು" ಎಂಬ ಸಮಾಧಾನವನ್ನು ಹೇಳಬೇಡಿರಿ. ಅದಕ್ಕಿಂತ ಒಂದು ತಣ್ಣನೆಯ ಅರಿವೆಯನ್ನು ಹಿಂಡಿ ಕೊಡಿರಿ. ಒಲೆಯ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿರಿ. ಅವಳ ಕೋಣೆಯ ಬೆಚ್ಚನೆಯ ಹಾಸಿಗೆಯನ್ನು ಎತ್ತಿಸಬೇಡಿರಿ. ಕೂಸಿಗೆ ಸಲ್ಲಬೇಕಾಗಿದ್ದ ಅಕ್ಕರೆಯಲ್ಲಿ ಒಂದಿಷ್ಟು ಅವಳಿಗೆ ಸಂದರೆ, ಎದೆಯ ಭಾರವು ಒಂದಿಷ್ಟಾದರೂ ಇಳಿಯುವದು.